ಕೆಳಗಿನಿಂದ ಮೇಲಕ್ಕೆ ಓದುವ ಕಿಟಕಿ

ಫ್ರಾನ್ಸಿನ ಶಾರ್ತ್ರ್ ಪಟ್ಟಣದ ಕೆಥೆಡ್ರಲ್ 1194ರಲ್ಲಿ ಬೆಂಕಿಗೆ ಸಿಕ್ಕಿ ಬಹುಪಾಲು ನಾಶವಾಯಿತು. ಅದನ್ನು ಮತ್ತೆ ಕಟ್ಟಿದವರು ಗೋಡೆಯ ತುಂಬ ಬಣ್ಣದ ಗಾಜಿನ ಕಿಟಕಿಗಳನ್ನಿಟ್ಟರು. 13ನೆಯ ಶತಮಾನದ ಆ ಗಾಜು ಬಹುಮಟ್ಟಿಗೆ ಇಂದಿಗೂ ಉಳಿದಿದೆ. ಒಳಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ನೀಲಿ ಮತ್ತು ಕೆಂಪಿನ ಹೊಳಪು. ಕರಗಿದ ಗಾಜಿಗೆ ಕೋಬಾಲ್ಟ್ ಬೆರೆಸಿದರೆ ನೀಲಿ, ತಾಮ್ರ ಬೆರೆಸಿದರೆ ಕೆಂಪು ಬರುತ್ತಿತ್ತು. ತುಂಡುಗಳನ್ನು ಸೀಸದ ಪಟ್ಟಿಗಳಿಂದ ಜೋಡಿಸಿ ಚಿತ್ರ ಮಾಡುತ್ತಿದ್ದರು. ಈ ಚಿತ್ರಗಳನ್ನು ಪುಸ್ತಕದಂತೆ ಓದಬೇಕು. ಆದರೆ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ.

ದಕ್ಷಿಣ ಪಾರ್ಶ್ವದಲ್ಲಿರುವ 'ಒಳ್ಳೆಯ ಸಮಾರ್ಯದವನ' ಕಿಟಕಿ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಬುಡದಲ್ಲಿ ಪಾದರಕ್ಷೆ ಹೊಲಿಯುವವರು ತಮ್ಮ ಕೆಲಸದಲ್ಲಿ ತೊಡಗಿದ್ದಾರೆ. ಕಿಟಕಿ ಅವರ ಕಾಣಿಕೆಯೆಂಬುದು ಬಹುಕಾಲದ ನಂಬಿಕೆ. ಅವರ ಮೇಲೆ, ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಸಾಮತಿ ಆರಂಭವಾಗುತ್ತದೆ. ಯೆರೂಸಲೇಮಿನಿಂದ ಯೆರಿಕೋವಿಗೆ ಹೊರಟ ಪ್ರಯಾಣಿಕನನ್ನು ಕಳ್ಳರು ಹೊಡೆದು ದೋಚುತ್ತಾರೆ. ಒಬ್ಬ ಯಾಜಕನೂ ಒಬ್ಬ ಲೇವಿಯನೂ ಅವನನ್ನು ನೋಡಿಯೂ ಮುಂದೆ ಹೋಗುತ್ತಾರೆ. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನೊಬ್ಬ ಗಾಯ ಕಟ್ಟಿ, ಅವನನ್ನು ಛತ್ರಕ್ಕೆ ಸೇರಿಸುತ್ತಾನೆ.

ಕಥೆ ಇಲ್ಲಿಗೆ ಮುಗಿಯಿತೆನ್ನುವಾಗ ಕಿಟಕಿ ಬೇರೆಯದೇ ಕಥೆಗೆ ಹಾರುತ್ತದೆ. ಮೇಲೆ ಕಾಣುವುದು ಆದಾಮ ಮತ್ತು ಹವ್ವರ ಸೃಷ್ಟಿ, ನಿಷೇಧಿಸಿದ ಹಣ್ಣು, ಏದೆನ್ ತೋಟದಿಂದ ಹೊರದಬ್ಬಿಸಿಕೊಂಡದ್ದು, ಕಾಯಿನನು ತಮ್ಮನಾದ ಹೇಬೆಲನನ್ನು ಕೊಂದದ್ದು. ತುತ್ತತುದಿಯಲ್ಲಿ ಕ್ರಿಸ್ತ ಕುಳಿತಿದ್ದಾನೆ.

ಈ ಎರಡು ಕಥೆಗಳಿಗೆ ಏನು ನಂಟು? 3ನೆಯ ಶತಮಾನದ ಒರಿಗೆನ್, ಆಮೇಲೆ ಅಗಸ್ಟಿನ್ ಮೊದಲಾದವರ ವ್ಯಾಖ್ಯಾನದಲ್ಲಿ ಉತ್ತರವಿದೆ. ದಾರಿಯಲ್ಲಿ ಬಿದ್ದ ಪ್ರಯಾಣಿಕನೇ ಆದಾಮ, ಅಂದರೆ ಮನುಷ್ಯಕುಲ. ಬಿಟ್ಟು ಬಂದ ಯೆರೂಸಲೇಮ್ ಸ್ವರ್ಗದ ತೋಟ. ಗಾಯ ಕಟ್ಟಿದ ಸಮಾರ್ಯದವನು ಕ್ರಿಸ್ತ. ಛತ್ರವೇ ಚರ್ಚು. ಹಾಗೆ ನೋಡಿದರೆ, ಕಿಟಕಿಯ ಮುಂದೆ ನಿಂತವನೂ ಆ ಗಾಯಾಳುವೇ. ಅವನು ನಿಂತಿರುವುದು ಅವನನ್ನು ಸೇರಿಸಿದ ಛತ್ರದೊಳಗೇ.

ಬಣ್ಣದ ಕಿಟಕಿಗಳನ್ನು 'ಓದುಬಾರದವರ ಬೈಬಲ್' ಎನ್ನುವುದುಂಟು. ಆ ಮಾತು ಅರ್ಧ ನಿಜ. ಗಾಯಾಳುವೂ ಆದಾಮನೂ ಒಬ್ಬನೇ ಎಂದು ಬರಿಯ ಚಿತ್ರ ಹೇಳಲಾರದು. ಅದನ್ನು ಉಪದೇಶದಲ್ಲಿ ಕೇಳಿರಬೇಕು. ಕೇಳಿದವನಿಗೆ ಚಿತ್ರ ಅದನ್ನು ನೆನಪಿಸುತ್ತದೆ.

1939ರಲ್ಲಿ ಎರಡನೆಯ ಮಹಾಯುದ್ಧ ಬಂದಾಗ ಕೆಥೆಡ್ರಲಿನ ಗಾಜನ್ನೆಲ್ಲ ಬಿಚ್ಚಿ ಸುರಕ್ಷಿತ ಸ್ಥಳಕ್ಕೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ತಂದು ಕೂರಿಸಿದರು. ಗಾಜು ಹೀಗೆ ಉಳಿಯಿತು. ಅರ್ಥ ಮಾತ್ರ ಹಾಗೆ ಪೆಟ್ಟಿಗೆಯಲ್ಲಿಟ್ಟು ಕಾಯುವಂಥದಲ್ಲ. ಎರಡು ಕಥೆಗಳ ನಂಟನ್ನು ಯಾರೂ ಹೇಳಿಕೊಡದಿದ್ದರೆ, ಮುಂದೆ ಬಂದು ನಿಲ್ಲುವವರಿಗೆ ಕಾಣುವುದು ನೀಲಿ, ಕೆಂಪು ಅಷ್ಟೆ.