ಛತ್ರದಲ್ಲಿ ಎಡೆ ದೊರೆಯದ ಮಗು

ಸುಳ್ಯ ತಾಲೂಕಿನ ಪಂಜ ದೊಡ್ಡ ಊರೇನಲ್ಲ. ಪುತ್ತೂರಿನಿಂದ ಕಾಣಿಯೂರು ಮಾರ್ಗವಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕನು ಒಂದು ಪೇಟೆಯನ್ನೂ ಅಡಕೆಯ ತೋಟಗಳನ್ನೂ ಅವುಗಳ ಬೆನ್ನಿಗಿರುವ ರಬ್ಬರಿನ ಗುಡ್ಡಗಳನ್ನೂ ಕಂಡು ಮುಂದೆ ಸಾಗುತ್ತಾನೆ. ಇದು ಪಂಚಲಿಂಗೇಶ್ವರನ ಸೀಮೆ. ತುಳು, ಅರೆಭಾಷೆ, ಹವ್ಯಕ ಕನ್ನಡಗಳು ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬರುವ ನೆಲ. ಡಿಸೆಂಬರ್ ತಿಂಗಳಲ್ಲಿ ಇಲ್ಲಿ ಅಂಗಳ ತುಂಬ ಅಡಕೆ ಒಣಗುತ್ತಿರುತ್ತದೆ. ಧನುರ್ಮಾಸದ ಪೂಜೆಗೆಂದು ಬೆಳಕು ಹರಿಯುವ ಮೊದಲೇ ದೇವಾಲಯಗಳಲ್ಲಿ ದೀಪ ಹತ್ತುತ್ತದೆ. ಅದೇ ದಿನಗಳಲ್ಲಿ ಪಂಜ, ಕಡಬ, ಸುಳ್ಯಗಳ ಈ ಮಲೆಸೀಮೆಯ ಕೆಲವು ಮನೆಗಳ ಮಾಡಿನಂಚಿನಲ್ಲಿ ಕಾಗದದ ನಕ್ಷತ್ರವೊಂದು ತೂಗುತ್ತದೆ. ಒಳಗೆ, ಮೂಲೆಯಲ್ಲಿ ಹುಲ್ಲು ಹಾಸಿ, ಮಣ್ಣಿನ ಪುಟ್ಟ ಬೊಂಬೆಗಳನ್ನು ಇರಿಸಿರುತ್ತಾರೆ. ಅದಕ್ಕೆ ನಮ್ಮ ಜಿಲ್ಲೆಯ ಕ್ರೈಸ್ತರು ಹೇಳುವ ಹೆಸರು ಗೋದಲಿ.

ಗೋದಲಿ ಎಂದರೆ ಹಟ್ಟಿಯಲ್ಲಿ ದನಗಳಿಗೆ ಮೇವು ಹಾಕುವ ದೋಣಿ. ಈ ಮಾತನ್ನು ಮಲೆನಾಡಿನ ಕೃಷಿಕನಿಗೆ ಯಾರೂ ಅರ್ಥ ಹೇಳಿ ತಿಳಿಸಬೇಕಾಗಿಲ್ಲ. ಹಬ್ಬದ ಕೇಂದ್ರದಲ್ಲಿರುವುದು ಸಿಂಹಾಸನವಲ್ಲ, ತೊಟ್ಟಿಲು ಸಹ ಅಲ್ಲ, ಮೇವಿನ ದೋಣಿ ಎಂಬುದನ್ನು ಮಾತ್ರ ನಾವು ಸುಲಭವಾಗಿ ಮರೆಯುತ್ತೇವೆ. ಲೂಕನು ಬರೆದ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ತೆರೆದು ನೋಡಿದರೆ ಪ್ರಸಂಗವು ಬಹು ಸಂಕ್ಷಿಪ್ತವಾಗಿದೆ. ಬೆತ್ಲೆಹೇಮಿಗೆ ಬಂದ ದಂಪತಿಗಳಿಗೆ ಇಳಿದುಕೊಳ್ಳಲು ಸ್ಥಳ ಸಿಕ್ಕಲಿಲ್ಲ. ತಾಯಿಯು ಹೆತ್ತ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು. ಅಷ್ಟೇ. ಎತ್ತಿಲ್ಲ, ಕತ್ತೆಯಿಲ್ಲ, ಕೊಟ್ಟಿಗೆಯೆಂಬ ಮಾತು ಸಹ ಇಲ್ಲ. ಎತ್ತು ಕತ್ತೆಗಳು ಯೆಶಾಯ ಪ್ರವಾದಿಯ ಗ್ರಂಥದ ಆರಂಭದಿಂದ ಮುಂದೆ ಯಾವಾಗಲೋ ಬಂದು ಸೇರಿಕೊಂಡವು. ಎರಡನೆಯ ಶತಮಾನದವರು ಅದು ಒಂದು ಗವಿಯೆಂದು ನಂಬಿದ್ದರು. ಬೆತ್ಲೆಹೇಮಿನ ಪುರಾತನ ದೇವಾಲಯವು ನಿಂತಿರುವುದೂ ಒಂದು ಗವಿಯ ಮೇಲೆಯೇ. ಇಂದು ನಾವು ಕಾಣುವ ಗೋದಲಿಯ ನೋಟವನ್ನು ಜನಪ್ರಿಯಗೊಳಿಸಿದವನು ಇಟಲಿಯ ಅಸ್ಸೀಸಿಯ ಸಂತ ಫ್ರಾನ್ಸಿಸನು. ೧೨೨೩ರಲ್ಲಿ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಅವನು ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ, ದೇವರು ಎಂತಹ ಬಡತನದಲ್ಲಿ ಹುಟ್ಟಿದನೆಂಬುದನ್ನು ಹಳ್ಳಿಗರ ಕಣ್ಣಿಗೇ ತೋರಿಸಿದನು.

ಹಬ್ಬವಾದರೂ ಆದಿಯಿಂದ ಇದ್ದುದಲ್ಲ. ಮೊದಲ ಮೂರು ಶತಮಾನಗಳ ಕ್ರೈಸ್ತರಿಗೆ ಮರಣ ಪುನರುತ್ಥಾನಗಳ ಸ್ಮರಣೆಯೇ ಮುಖ್ಯವಾಗಿದ್ದಿತು. ಹುಟ್ಟುಹಬ್ಬ ಆಚರಿಸುವವರು ಫರೋಹ, ಹೆರೋದರಂತಹ ದೊರೆಗಳೇ ಹೊರತು ಸಂತರಲ್ಲ ಎಂದು ಮೂರನೆಯ ಶತಮಾನದ ಮಹಾಪಂಡಿತ ಒರಿಗೆನನು ಮೂಗು ಮುರಿದದ್ದುಂಟು. ರೋಮಿನಲ್ಲಿ ಡಿಸೆಂಬರ್ ೨೫ನ್ನು ಕ್ರಿಸ್ತಜನನದ ದಿನವೆಂದು ಗಣಿಸುತ್ತಿದ್ದುದಕ್ಕೆ ಮೊದಲ ಲಿಖಿತ ಆಧಾರ ಸಿಗುವುದು ೩೫೪ರ ಒಂದು ಪಂಚಾಂಗದಲ್ಲಿ. ಅದರ ಆ ಭಾಗವು ೩೩೬ರಷ್ಟು ಹಿಂದಿನದೆಂದು ವಿದ್ವಾಂಸರು ಹೇಳುತ್ತಾರೆ. ಪೂರ್ವದೇಶದವರು ಜನವರಿ ೬ನ್ನು ಹಿಡಿದಿದ್ದರು. ಇನ್ನೊಂದು ವಿನೋದ: ಆರನೆಯ ಶತಮಾನದಲ್ಲಿ ಕ್ರಿಸ್ತಶಕವನ್ನು ಎಣಿಸಿಕೊಟ್ಟ ಸನ್ಯಾಸಿಯ ಲೆಕ್ಕವು ತುಸು ತಪ್ಪಿತು. ಹೆರೋದ ರಾಜನು ಕ್ರಿಸ್ತಪೂರ್ವ ೪ರಲ್ಲಿ ತೀರಿಕೊಂಡನೆಂಬುದೇ ಬಹುಮಂದಿ ವಿದ್ವಾಂಸರ ಮತವಾಗಿರುವುದರಿಂದ, ಅವನ ಕಾಲದಲ್ಲಿ ಹುಟ್ಟಿದ ಕ್ರಿಸ್ತನು 'ಕ್ರಿಸ್ತಪೂರ್ವ'ದಲ್ಲಿಯೇ ಹುಟ್ಟಿದಂತಾಯಿತು! ಹೀಗೆ ತಿಥಿಯೂ ವರ್ಷವೂ ನಿಶ್ಚಯವಿಲ್ಲ. ನಿಶ್ಚಯವಾಗಿ ಉಳಿದಿರುವುದು ಕಥೆಯ ಹುರುಳು, ಬಂದವನಿಗೆ ಎಡೆ ದೊರೆಯಲಿಲ್ಲವೆಂಬುದು.

ಏಕೆ ದೊರೆಯಲಿಲ್ಲ? ಊರು ತುಂಬಿತ್ತು. ಏಕೆ ತುಂಬಿತ್ತು? ಚಕ್ರವರ್ತಿಯಾದ ಔಗುಸ್ತನ ಆಜ್ಞೆಯಂತೆ ಜನರು ತಮ್ಮ ತಮ್ಮ ಊರುಗಳಿಗೆ ಹೋಗಿ ಹೆಸರು ಬರೆಯಿಸಿಕೊಳ್ಳಬೇಕಾಗಿತ್ತೆಂದು ಲೂಕನು ಹೇಳುತ್ತಾನೆ. ಅವನು ಹೆಸರಿಸುವ ಕುರೇನ್ಯನ ಖಾನೇಷುಮಾರಿ ನಡೆದದ್ದು ಕ್ರಿಸ್ತಶಕ ೬ರಲ್ಲಿ ಎಂಬುದು ಇತಿಹಾಸ; ಹೆರೋದನ ಕಾಲಕ್ಕೂ ಅದಕ್ಕೂ ಹೊಂದಿಕೆಯಾಗದೆ ಪಂಡಿತರು ಇಂದಿಗೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಆದರೆ ಖಾನೇಷುಮಾರಿಯ ಉದ್ದೇಶದಲ್ಲಿ ಸಂಶಯವಿಲ್ಲ. ಅದು ತೆರಿಗೆಗಾಗಿ. ದೂರದ ಸರಕಾರವೊಂದು ಪುಸ್ತಕ ತೆರೆದು ಹೆಸರೆಣಿಸತೊಡಗಿದಾಗ ತುಂಬುಗರ್ಭಿಣಿಯೊಬ್ಬಳು ದಾರಿ ನಡೆಯಬೇಕಾಯಿತು. ದೇವರು ಮನುಷ್ಯನಾದ ಕಥೆ ಆರಂಭವಾಗುವುದು ದೇವದೂತರ ಗಾನದಿಂದಲ್ಲ, ಕಂದಾಯದ ಕಡತದಿಂದ.

ಪಂಜದ ನೆಲಕ್ಕೆ ಈ ಸಂಗತಿ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕುಂಪಣಿ ಸರಕಾರವು ಪಂಜ, ಬೆಳ್ಳಾರೆಗಳನ್ನು ಕೊಡಗಿನ ಅರಸನಿಗೆ ಬಿಟ್ಟುಕೊಟ್ಟಿತು. ೧೮೩೪ರಲ್ಲಿ ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಕುಂಪಣಿಯು ಘಟ್ಟದ ಕೆಳಗಿನ ಈ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಬೆಳೆದುದರಲ್ಲಿ ಒಂದು ಪಾಲನ್ನು ಅಳೆದುಕೊಟ್ಟು ತೆರಿಗೆ ತೀರಿಸುತ್ತಿದ್ದ ರೈತನಿಂದ ಹೊಸ ಸರಕಾರವು ನಾಣ್ಯವನ್ನೇ ಕೇಳಿತು. ನಾಣ್ಯವಿಲ್ಲದವನು ಸಾಲಗಾರನಾದನು. ಆ ಸಂಕಟವು ೧೮೩೭ರ ಏಪ್ರಿಲಿನಲ್ಲಿ ಹೇಗೆ ಹೊರಹೊಮ್ಮಿತು, ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯಗೌಡರಂತಹವರ ಮುಂದಾಳುತನದಲ್ಲಿ ರೈತರು ಬೆಳ್ಳಾರೆಯ ಖಜಾನೆಯನ್ನು ವಶಮಾಡಿಕೊಂಡು ಮಂಗಳೂರಿನ ತನಕ ಹೇಗೆ ನಡೆದರು ಎಂಬುದನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಔಗುಸ್ತನ ಆಜ್ಞೆಯೆಂದರೇನೆಂಬುದನ್ನು ಇಲ್ಲಿಯ ಹಿರಿಯರಿಗೆ ಯಾವ ಪಾದ್ರಿಯೂ ವಿವರಿಸಬೇಕಾಗಿರಲಿಲ್ಲ.

ಪಂಜವು ಕೈಬದಲಾಯಿಸಿದ ಅದೇ ೧೮೩೪ರ ಅಕ್ಟೋಬರ್ ೩೦ರಂದು ಬಾಸೆಲ್ ಮಿಶನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರು ಬರುವ ಮೊದಲೇ, ೧೮೩೧ರ ಹೊತ್ತಿಗೆ, ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸನ ಶ್ರಮದಿಂದ ಇಡಿಯ ಬೈಬಲು ಕನ್ನಡದಲ್ಲಿ ಬಂದಿತ್ತು. ತುಳುವಿನಲ್ಲಿ ಹೊಸ ಒಡಂಬಡಿಕೆಯು ೧೮೪೭ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಬೆತ್ಲೆಹೇಮಿನ ಕಥೆಯನ್ನು ತುಳುವನು ತನ್ನ ಮನೆಮಾತಿನಲ್ಲಿಯೇ ಓದುವಂತಾಯಿತು. ಅದಕ್ಕೂ ಮಿಗಿಲಾದ ಕೆಲಸ ಮಾಡಿದವನು ಕಿಟ್ಟೆಲ್. ನಿಘಂಟುಕಾರನೆಂದು ಅವನನ್ನು ಎಲ್ಲರೂ ಬಲ್ಲೆವು. ಆ ಮಹಾಗ್ರಂಥ ಹೊರಬಂದದ್ದು ೧೮೯೪ರಲ್ಲಿ. ಆದರೆ ಅದಕ್ಕೆ ಮೂವತ್ತೆರಡು ವರ್ಷ ಮೊದಲು, ೧೮೬೨ರಲ್ಲಿ, ಅವನು 'ಕಥಾಮಾಲೆ' ಎಂಬ ಹೆಸರಿನಲ್ಲಿ ಕ್ರಿಸ್ತಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡಿದನೆಂಬುದು ಅಷ್ಟು ಜನಕ್ಕೆ ತಿಳಿಯದು. ಯೂದಾಯದ ಮಗುವಿಗೆ ಅವನು ಕನ್ನಡದ ಛಂದಸ್ಸಿನಲ್ಲಿ ಇಳಿದುಕೊಳ್ಳಲು ಎಡೆ ಹುಡುಕಿದನು. ಕಾವ್ಯವಾಗಿ ಅದರ ಬೆಲೆಯೆಷ್ಟೆಂಬುದನ್ನು ವಿಮರ್ಶಕರು ಹೇಳಲಿ. ಅತಿಥಿಯಾಗಿ ಬಂದವನು ಆತಿಥೇಯನ ಭಾಷೆಯನ್ನು ಇಷ್ಟು ಗೌರವದಿಂದ ಕಲಿತದ್ದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಅಪರೂಪದ ಸಂಗತಿಯೇ.

ಮಿಶನ್ನಿನ ಇನ್ನೊಂದು ಕಾರ್ಯವನ್ನು ಪಂಜದ ಯಾವ ಹಳೆಯ ಮನೆಯ ತಲೆಯ ಮೇಲೂ ಕಾಣಬಹುದು. ಮತಾಂತರಗೊಂಡವರು ಕುಲದಿಂದ ಹೊರಬಿದ್ದೊಡನೆ ಮನೆ, ಒಕ್ಕಲು, ಕಸುಬುಗಳನ್ನು ಕಳೆದುಕೊಳ್ಳುತ್ತಿದ್ದರು. ಅಂತಹವರಿಗೆ ಜೀವನೋಪಾಯವೆಂದು ಮೊದಲು ನೇಯ್ಗೆ, ಬಳಿಕ ೧೮೬೫ರಲ್ಲಿ ಪ್ಲೆಬ್ಸ್ಟನೆಂಬವನು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ. ತಲೆಯ ಮೇಲೆ ಸೂರಿಲ್ಲದವರು ಜಗತ್ತಿಗೆ ಸೂರು ಮಾಡಿಕೊಟ್ಟರು. ಮಂಗಳೂರು ಹೆಂಚು ಕಡಲು ದಾಟಿಹೋಯಿತು. ೧೮೩೭ರ ದಂಗೆಯ ವೃತ್ತಾಂತವನ್ನೂ ಒಳಗೊಂಡ ಕೊಡಗಿನ ಚರಿತ್ರೆಯನ್ನು ೧೮೫೫ರಲ್ಲಿ ಪ್ರಕಟಿಸಿದ ಮೋಗ್ಲಿಂಗನು, ಘಟ್ಟದ ಮೇಲೆ ಆನಂದಪುರವೆಂಬ ನೆಲೆಯನ್ನು ಕಟ್ಟಿದ್ದೂ ಅಸ್ಪೃಶ್ಯರೆನಿಸಿಕೊಂಡಿದ್ದ ಕೂಲಿಕಾರರ ಸಲುವಾಗಿಯೇ.

ಜಿಲ್ಲೆಯ ಕ್ರೈಸ್ತರಲ್ಲಿ ಹೆಚ್ಚಿನವರು ಮಾತ್ರ ಬಾಸೆಲಿನವರಿಗಿಂತ ಬಹು ಹಿಂದಿನವರು. ಹದಿನಾರನೆಯ ಶತಮಾನದಿಂದ ಗೋವೆಯ ಕಡೆಯಿಂದ ಬಂದು ನೆಲೆಸಿದ ಕೊಂಕಣಿ ಮಾತಿನ ಕಥೋಲಿಕರು ಅವರು. ಅವರ ಮನೆಗಳಿಂದ ಹಬ್ಬದ ದಿನ ನೆರೆಮನೆಗೆ ಬರುವ ಕುಸ್ವಾರಿನ ತಟ್ಟೆಯ ರುಚಿ ನಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ಅವರೂ ಒಮ್ಮೆ ನೆಲೆ ಕಳೆದುಕೊಂಡವರೆಂಬುದು ಆ ನೇವ್ರಿಯ ಸಿಹಿಯಲ್ಲಿ ನೆನಪಾಗುವುದಿಲ್ಲ. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ೧೭೮೪ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದಂದು, ಟಿಪ್ಪುಸುಲ್ತಾನನು ಅವರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸಾವಿರಾರು ಜನ, ದಾರಿಯಲ್ಲಿಯೂ ಸೆರೆಯಲ್ಲಿಯೂ ಅಳಿದವರು ಎಷ್ಟೋ. ೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಬದುಕಿ ಉಳಿದವರಲ್ಲಿ ಅನೇಕರು ಮರಳಿ ಬಂದು ಕೆಡವಿದ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಆ ಹದಿನೈದು ವರ್ಷಗಳಲ್ಲಿ ಹದಿನೈದು ಕ್ರಿಸ್ಮಸ್ಸುಗಳು ಬಂದು ಹೋಗಿರಬೇಕಷ್ಟೆ.

ಇಪ್ಪತ್ತನೆಯ ಶತಮಾನದ ನಡುವಿನಿಂದ ಈ ಮಲೆಸೀಮೆಗೆ ತೆಂಕಣದಿಂದ ಇನ್ನೊಂದು ಜನ ಬಂದಿತು. ತಿರುವಾಂಕೂರು, ಕೊಚ್ಚಿಗಳ ಸಿರಿಯನ್ ಕ್ರೈಸ್ತರು ಮಲಬಾರನ್ನು ದಾಟಿ, ಕಡಬ, ನೆಲ್ಯಾಡಿ, ಸುಳ್ಯಗಳ ಗುಡ್ಡಗಳಲ್ಲಿ ಮರಗೆಣಸನ್ನೂ ಕರಿಮೆಣಸನ್ನೂ ರಬ್ಬರನ್ನೂ ನೆಟ್ಟರು. ಜ್ವರ, ಆನೆ, ಹಂದಿಗಳೊಡನೆ ಸೆಣಸಿ ನಿಂತ ಆ ಮೊದಲ ತಲೆಯವರ ಛಲವನ್ನು ಮೆಚ್ಚಲೇಬೇಕು. ಕಾಡು ಕರಗಿತೆಂಬ ದೂರನ್ನೂ ಅಲ್ಲಗಳೆಯುವಂತಿಲ್ಲ. ಇಂದು ಸೀರೋ ಮಲಬಾರ್ ಸಭೆಗೆ ಬೆಳ್ತಂಗಡಿಯಲ್ಲಿ ೧೯೯೯ರಿಂದಲೂ, ಮಲಂಕರ ಕಥೋಲಿಕ ಸಭೆಗೆ ಪುತ್ತೂರಿನಲ್ಲಿ ೨೦೧೦ರಿಂದಲೂ ಧರ್ಮಪ್ರಾಂತಗಳಿವೆ. ಈ ಜನರು ಡಿಸೆಂಬರ್ ಒಂದರಿಂದ ಇಪ್ಪತ್ತನಾಲ್ಕರವರೆಗೆ ಮೀನು ಮಾಂಸಗಳನ್ನು ಬಿಟ್ಟು ವ್ರತ ಹಿಡಿಯುತ್ತಾರೆ. ಮಲಂಕರ ಪದ್ಧತಿಯ ಇಗರ್ಜಿಗಳಲ್ಲಿ ಕ್ರಿಸ್ಮಸ್ ರಾತ್ರಿ ಅಂಗಳದಲ್ಲಿ ಶಿಲುಬೆಯಾಕಾರದ ಕುಳಿ ತೋಡಿ, ಹಿಂದಿನ ಗರಿಗಳ ಹಬ್ಬದ ಒಣಗರಿಗಳನ್ನು ಅದರಲ್ಲಿ ಉರಿಸುತ್ತಾರೆ. ಸುತ್ತ ನೆರೆದವರು ಒಬ್ಬೊಬ್ಬರಾಗಿ ಬಂದು ಬೆಂಕಿಗೆ ಧೂಪ ಹಾಕುತ್ತಾರೆ. ಹೊಲ ಕಾಯುತ್ತ ಚಳಿ ಕಾಯಿಸಿಕೊಳ್ಳುತ್ತಿದ್ದ ಕುರುಬರ ನೆನಪದು. ಕೆಂಡದ ಬೆಳಕಿನಲ್ಲಿ ದೈವದ ನೇಮವನ್ನು ಕಂಡು ಬೆಳೆದ ನಮ್ಮ ಕಣ್ಣಿಗೆ ಆ ನೋಟ ಪರಕೀಯವೆನಿಸದು.

ಕೊನೆಗೆ ಬಂದವರ ಕಥೆಯೇ ಗೋದಲಿಗೆ ಬಹು ಸಮೀಪದ್ದು. ಸಿಂಹಳದ ಚಹದ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ತಮಿಳರು, ೧೯೪೮ರ ಪೌರತ್ವ ಶಾಸನದಿಂದ, ಹುಟ್ಟಿದ ನಾಡಿನಲ್ಲಿಯೇ ಯಾರೂ ಅಲ್ಲದವರಾದರು. ೧೯೬೪ರ ಅಕ್ಟೋಬರ್ ೩೦ರಂದು ಲಾಲಬಹಾದುರ ಶಾಸ್ತ್ರಿಗಳೂ ಸಿರಿಮಾವೊ ಬಂಡಾರನಾಯಕೆಯವರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು: ೫,೨೫,೦೦೦ ಜನ ಭಾರತಕ್ಕೆ, ೩,೦೦,೦೦೦ ಜನ ಸಿಂಹಳಕ್ಕೆ, ಮಿಕ್ಕ ೧,೫೦,೦೦೦ ಜನರ ಲೆಕ್ಕ ಮುಂದಕ್ಕೆ. ಆ ಮಿಕ್ಕವರನ್ನು ೧೯೭೪ರಲ್ಲಿ ಸಮಪಾಲಾಗಿ ಹಂಚಿಕೊಂಡರು. ಕಂಡಿಯ ಬೆಟ್ಟಗಳನ್ನು ಬಿಟ್ಟು ಬೇರೆ ಊರನ್ನೇ ಕಾಣದ ಕುಟುಂಬಗಳು ಹಡಗು ಹತ್ತಿ 'ಸ್ವದೇಶ'ಕ್ಕೆ ಮರಳಿದವು. ಅವುಗಳಲ್ಲಿ ಅನೇಕವನ್ನು ಸುಳ್ಯ ಪುತ್ತೂರುಗಳ ಸರಕಾರಿ ರಬ್ಬರ್ ತೋಟಗಳಿಗೆ ಕಳುಹಿಸಲಾಯಿತು. ಅವರಲ್ಲಿ ಹೆಚ್ಚಿನವರು ಮುರುಗನನ್ನೂ ಮಾರಿಯಮ್ಮನನ್ನೂ ನಂಬಿದವರು, ಕ್ರೈಸ್ತರೂ ಉಂಟು. ಚಕ್ರವರ್ತಿಯ ಪುಸ್ತಕದಲ್ಲಿ ಹೆಸರು ಬರೆಯಿಸಲು ನಡೆದ ಯೋಸೇಫ ಮರಿಯರ ಕಥೆಯು, ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದೆ ಎರಡು ದೇಶಗಳ ನಡುವೆ ನಿಂತವರಿಗೆ ಹೇಗೆ ಕೇಳಿಸೀತು! ಅದೇ ಮಗುವನ್ನು ಎತ್ತಿಕೊಂಡು ತಾಯಿತಂದೆಗಳು ಹೆರೋದನ ಕತ್ತಿಗೆ ಹೆದರಿ ಐಗುಪ್ತಕ್ಕೆ ಓಡಿದರೆಂದು ಮತ್ತಾಯನು ಬರೆದಿರುವುದನ್ನು ಅವರು ಬೇರೆಯೇ ಕಿವಿಯಿಂದ ಕೇಳಿರಬೇಕು.

ಕ್ರೈಸ್ತ ಧರ್ಮವು ಅವತಾರವೆಂದು ಹೇಳುವುದರ ವೈಶಿಷ್ಟ್ಯ ಇಲ್ಲಿದೆಯೆಂದು ನನಗೆ ತೋರುತ್ತದೆ. ಅವತಾರದ ಕಲ್ಪನೆ ನಮಗೆ ಹೊಸದಲ್ಲ. ದೇವಕಿಯ ಮಗನೂ ಸೆರೆಮನೆಯಲ್ಲಿ ಹುಟ್ಟಿ ರಾತ್ರೋರಾತ್ರಿ ನದಿ ದಾಟಿದವನೇ. ಆದರೆ ಬೆತ್ಲೆಹೇಮಿನ ಮಗುವು ಬೆಳೆದು ಯಾವ ಕಂಸನನ್ನೂ ಕೊಲ್ಲುವುದಿಲ್ಲ, ಯಾವ ಪಟ್ಟವನ್ನೂ ಏರುವುದಿಲ್ಲ. ದುರ್ಬಲನಾಗಿ ಬಂದವನು ದುರ್ಬಲನಾಗಿಯೇ ಉಳಿದು, ಊರ ಹೊರಗೆ ಶಿಲುಬೆಯ ಮೇಲೆ ಸಾಯುತ್ತಾನೆ. ಹುಟ್ಟುವಾಗಲೂ ಸಾಯುವಾಗಲೂ ಅವನಿಗೆ ಊರೊಳಗೆ ಎಡೆಯಿಲ್ಲ. ಹಸಿದವನಿಗೆ ಉಣಿಸಿದ್ದು, ಪರದೇಶಿಯನ್ನು ಮನೆಯೊಳಗೆ ಕರೆದದ್ದು ತನಗೇ ಮಾಡಿದ್ದೆಂದು ಮುಂದೆ ಅವನು ಹೇಳಿದನೆಂದರೆ, ಆ ಮಾತಿಗೆ ಗೋದಲಿಯ ಹುಲ್ಲಿನ ವಾಸನೆಯಿದೆ. ಇದನ್ನು ಒಪ್ಪುವುದು ಕ್ರೈಸ್ತರಿಗೂ ಸುಲಭವಾಗಿಲ್ಲ. ತೆಂಕಣದ ಕೆಲವು ಊರುಗಳಲ್ಲಿ ಇಗರ್ಜಿಯೊಳಗೆ ಜಾತಿಗೊಂದು ಸಾಲು, ಸತ್ತ ಮೇಲೆ ಜಾತಿಗೊಂದು ಸ್ಮಶಾನ ಎಂಬ ಪದ್ಧತಿ ನಡೆದುಬಂದಿದೆ. ಅಂತಹ ಊರಿನಲ್ಲಿ ಗೋದಲಿಯನ್ನು ವಿದ್ಯುದ್ದೀಪಗಳಿಂದ ಎಷ್ಟು ಸಿಂಗರಿಸಿದರೂ ಛತ್ರದ ಬಾಗಿಲು ಇನ್ನೂ ಮುಚ್ಚಿಯೇ ಇದೆಯೆನ್ನಬೇಕು.

ಜನನದ ವಾರ್ತೆ ಮೊದಲು ತಲುಪಿದ್ದು ಯಾರಿಗೆ? ಅರಮನೆಗಲ್ಲ, ದೇವಾಲಯದ ಪುರೋಹಿತರಿಗೂ ಅಲ್ಲ. ಊರೆಲ್ಲ ಮಲಗಿರುವಾಗ ಹೊಲದಲ್ಲಿ ಮಂದೆ ಕಾಯುತ್ತಿದ್ದ ಕೂಲಿಯವರಿಗೆ. ನಮ್ಮ ಸೀಮೆಯಲ್ಲಿಯೂ ಅಂತಹ ಎಚ್ಚರದವರಿದ್ದಾರೆ. ರಬ್ಬರಿನ ಹಾಲು ತಂಪು ಹೊತ್ತಿನಲ್ಲಿ ಚೆನ್ನಾಗಿ ಇಳಿಯುತ್ತದೆ. ಬಿಸಿಲೇರಿದರೆ ಹರಿವು ಕುಗ್ಗುತ್ತದೆ. ಅದರಲ್ಲಿಯೂ ಡಿಸೆಂಬರಿನ ಚಳಿಯಲ್ಲಿ ಇಳುವರಿ ಹೆಚ್ಚು. ಆದುದರಿಂದ ತುಂಡು ತೋಟವನ್ನು ತಾನೇ ಕಡಿಯುವ ಬಡವನು, ನಡುರಾತ್ರಿಯ ಪೂಜೆ ಮುಗಿಸಿ ಮಕ್ಕಳನ್ನು ಮಲಗಿಸಿ, ಬಿಳಿಯ ಅಂಗಿಯನ್ನು ಗೂಟಕ್ಕೆ ತೂಗುಹಾಕಿ, ಹಣೆಗೆ ದೀಪ ಕಟ್ಟಿಕೊಂಡು, ಬಾಗಿದ ಕತ್ತಿ ಹಿಡಿದು ಗುಡ್ಡ ಹತ್ತುತ್ತಾನೆ. ಹಬ್ಬದ ಬೆಳಗು ಹರಿಯುವಷ್ಟರಲ್ಲಿ ಮರಕ್ಕೊಂದರಂತೆ ಕಟ್ಟಿದ ಚಿಪ್ಪುಗಳಲ್ಲಿ ಹಾಲು ತುಂಬುತ್ತಿರುತ್ತದೆ.