ಗರಡಿಯ ಕಣ್ಣಿಗೆ ಕಂಡ ಕುಂಗ್‌ಫು ಚಿತ್ರ

ಹಳೆಯ ಕುಂಗ್‌ಫು ಚಲನಚಿತ್ರಗಳೆಂದರೆ ಬರಿಯ ಹೊಡೆದಾಟವೆಂದೂ, ಮಕ್ಕಳ ಕಣ್ಣಿಗೆ ಬೀಳಬಾರದ ವಸ್ತುವೆಂದೂ ಭಾವಿಸುವ ಗೃಹಸ್ಥರು ನಮ್ಮಲ್ಲಿ ಬಹಳ. 1980ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ಟುಗಳು ಬಂದಾಗ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹುಡುಗರು ಹಿರಿಯರ ಕಣ್ಣು ತಪ್ಪಿಸಿಯೇ ಅವನ್ನು ನೋಡುತ್ತಿದ್ದರು. ಮಾತು ಚೀನೀ, ಇಲ್ಲವೆ ತುಟಿಗೆ ಹೊಂದದ ಇಂಗ್ಲಿಷು. ಆದರೂ ಕದಲದೆ ಕುಳಿತಿರುತ್ತಿದ್ದರು. ಹೊಡೆದಾಟದ ರುಚಿಯೊಂದೇ ಇದಕ್ಕೆ ಕಾರಣವಾಗಿದ್ದರೆ, ಅದು ನಮ್ಮ ಚಿತ್ರಗಳಲ್ಲಿಯೂ ಧಾರಾಳವಾಗಿತ್ತು.

1978ರಲ್ಲಿ ಹಾಂಗ್‌ಕಾಂಗಿನ ಷಾ ಬ್ರದರ್ಸ್ ಸಂಸ್ಥೆಯಿಂದ ಹೊರಬಂದ ‘ಶಾವೊಲಿನ್ನಿನ 36ನೆಯ ಕೋಣೆ’ ಎಂಬ ಚಿತ್ರವನ್ನೇ ನೋಡೋಣ. ಮಂಚೂ ಅಧಿಕಾರಿಗಳ ದಬ್ಬಾಳಿಕೆಗೆ ತನ್ನವರನ್ನು ಕಳೆದುಕೊಂಡ ತರುಣನೊಬ್ಬನು ಶಾವೊಲಿನ್ ಮಠವನ್ನು ಸೇರುತ್ತಾನೆ. ಅಲ್ಲಿ ಕಲಿಕೆಗೆ 35 ಕೋಣೆಗಳು. ಆತುರಗಾರನಾದ ಆತ ನೇರವಾಗಿ ಎಲ್ಲಕ್ಕೂ ಮೇಲಿನ ಕೋಣೆಗೆ ನುಗ್ಗುತ್ತಾನೆ; ಅಲ್ಲಿಯ ಗ್ರಂಥಪಠನ ತಲೆಗೆ ಹತ್ತದೆ, ತಳದ ಕೋಣೆಗೆ ಮರಳುತ್ತಾನೆ. ಅಲ್ಲಿ ನೀರಿನ ಮೇಲೆ ತೇಲುವ ಮರದ ದಿಮ್ಮಿಗಳನ್ನು ಮೆಟ್ಟಿ ದಾಟಿದವನಿಗೆ ಮಾತ್ರ ಊಟ. ಮುಂದೆ ತೋಳುಗಳನ್ನು ನೀಳವಾಗಿ ಚಾಚಿ ನೀರಿನ ಕೊಡಗಳನ್ನು ಹೊರಬೇಕು. ತೋಳಿಗೆ ಕಟ್ಟಿದ ಚೂರಿಗಳು, ತೋಳು ಇಳಿದೊಡನೆ ಪಕ್ಕೆಗೆ ಚುಚ್ಚುತ್ತವೆ. ಹೀಗೆಯೇ ಮಣಿಕಟ್ಟಿಗೊಂದು ಕೋಣೆ, ಕಣ್ಣಿಗೊಂದು, ತಲೆಗೊಂದು. ಚಿತ್ರದ ದೊಡ್ಡ ಭಾಗ ಇದರಲ್ಲಿಯೇ ಕಳೆಯುತ್ತದೆ. ಸೇಡಿನ ಕಾಳಗ ಕೊನೆಗೆ ಬೇಗನೆ ಮುಗಿದುಹೋಗುತ್ತದೆ.

ಗರಡಿಯ ಕೆಮ್ಮಣ್ಣನ್ನು ಮೈಗೆ ಹತ್ತಿಸಿಕೊಂಡವರಿಗೆ ಇದು ಪರಕೀಯವೆನಿಸೀತೆ? ಹೊಸಬನಿಗೆ ವಸ್ತಾದನು ಮೊದಲ ದಿನವೇ ಪಟ್ಟು ಹೇಳಿಕೊಡುವುದಿಲ್ಲ. ಮಣ್ಣು ಅಗೆಯಲು ಸನಿಕೆ ಕೊಡುತ್ತಾನೆ. ಹಾನಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದ ಕಾಲದಲ್ಲಿ, ಸುಮಾರು 1129ರಲ್ಲಿ, ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಭಾರ ಹೊರುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಈಸುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂದು ಜಟ್ಟಿಗಳ ಸಾಧನೆಯನ್ನು ಅದು ಬಿಡಿಬಿಡಿಯಾಗಿ ಹೇಳುತ್ತದೆ. ಇವೂ ಒಂದು ಬಗೆಯ ಕೋಣೆಗಳೇ ಅಲ್ಲವೆ!

ಇನ್ನೊಂದು ಆಕರ್ಷಣೆ ಕ್ಯಾಮೆರಾದ ಸಂಯಮದಲ್ಲಿದೆ. ಅಡಿಯಿಂದ ಮುಡಿಯವರೆಗೆ ಆಳು ಕಾಣುತ್ತಾನೆ. ಹತ್ತಾರು ಪೆಟ್ಟುಗಳು ಒಂದೇ ನೋಟದಲ್ಲಿ, ಕತ್ತರಿ ಬೀಳದೆ ಸಾಗುತ್ತವೆ. ಕಾಣುತ್ತಿರುವ ಕಸುವು ದಿಟವಾದುದೆಂದು ಕಣ್ಣು ನಂಬುತ್ತದೆ. ದೀಪಾವಳಿಯ ಬಳಿಕ ಹಾನಗಲ್ಲು, ಹಿರೇಕೆರೂರು ಸೀಮೆಯಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬದಲ್ಲಿ, ಓಡುವ ಹೋರಿಯ ಕೊರಳ ಕೊಬ್ಬರಿ ಹಾರಕ್ಕೆ ಕೈಹಾಕುವ ತರುಣರನ್ನು ಕಂಡು ಬೆಳೆದ ಕಣ್ಣು ಸುಲಭವಾಗಿ ಮೋಸಹೋಗುವುದಿಲ್ಲ. ಇಂದಿನ ಚಿತ್ರಗಳ ತಂತಿಯ ಹಾರಾಟವೂ ಕಂಪ್ಯೂಟರಿನ ಮಾಯೆಯೂ ಅಂಥ ಕಣ್ಣಿಗೆ ಸಪ್ಪೆ. ನಿರ್ದೇಶಕ ಲಾವ್ ಕಾರ್-ಲ್ಯೂಂಗ್ ಸ್ವತಃ ಈ ವಿದ್ಯೆಯ ಮನೆತನದವನು. ಅವನ ತಂದೆಯ ಗುರು ಲಾಮ್ ಸೈ-ವಿಂಗ್. ಲಾಮನ ಗುರು ಹೆಸರಾಂತ ವಾಂಗ್ ಫೇ-ಹುಂಗ್. ಆದುದರಿಂದಲೇ ಅವನಿಗೆ ಕಲಿಕೆಯನ್ನು ತೋರಿಸುವುದು ಬೇಸರದ ಕೆಲಸವಾಗಲಿಲ್ಲ.

ಶಾವೊಲಿನ್ನಿಗೆ ಈ ವಿದ್ಯೆಯನ್ನು ಕಲಿಸಿದವನು ದಕ್ಷಿಣಭಾರತದ ಬೋಧಿಧರ್ಮನೆಂದು ಅಭಿಮಾನದಿಂದ ಹೇಳುವವರುಂಟು. ಆ ಕಥೆ 17ನೆಯ ಶತಮಾನದ ಗ್ರಂಥವೊಂದರಿಂದ ಹುಟ್ಟಿದ್ದೆಂಬುದು ಇತಿಹಾಸಕಾರರ ಮತ. ಪಕ್ಕದ ಮನೆಯ ಗರಡಿ ಚೆನ್ನಾಗಿದೆಯೆನ್ನಲು ಅದನ್ನು ನಮ್ಮಜ್ಜನೇ ಕಟ್ಟಿಸಿದನೆಂದು ಸಾಧಿಸಬೇಕಾಗಿಲ್ಲ.

ಚಿತ್ರದ ಹೆಸರಿನ ಗುಟ್ಟು ಕೊನೆಯಲ್ಲಿದೆ. ಎಲ್ಲ ಕೋಣೆಗಳನ್ನೂ ಗೆದ್ದವನಿಗೆ, ಮೆಚ್ಚಿದ ಕೋಣೆಯೊಂದರ ಒಡೆತನ ದೊರೆಯುತ್ತದೆ. ಆತ ಇಲ್ಲದ 36ನೆಯದನ್ನು, ಹೊರಗಿನ ಜನಸಾಮಾನ್ಯರಿಗೆ ಕಲಿಸುವ ಕೋಣೆಯನ್ನು, ಬೇಡುತ್ತಾನೆ. ಹಿರಿಯ ಗುರುವು ಶಿಕ್ಷೆಯ ನೆವದಿಂದ ಅವನನ್ನು ಹೊರಗೆ ಕಳುಹಿಸಿ, ಆ ಕೆಲಸಕ್ಕೇ ದಾರಿ ಮಾಡಿಕೊಡುತ್ತಾನೆ. ಬಾಗಿಲು ಮುಚ್ಚಿದ ಗರಡಿಗಳು ನಮ್ಮ ಈ ನಾಲ್ಕು ಊರುಗಳ ಸುತ್ತ ಎಷ್ಟಿಲ್ಲ! ಮೊಬೈಲಿನಲ್ಲಿ ಕಾಳಗದ ತುಣುಕುಗಳನ್ನಷ್ಟೇ ನೋಡುವ ಮಕ್ಕಳಿಗೆ ಪೆಟ್ಟು ಗೊತ್ತು, ಸಾಮು ಗೊತ್ತಿಲ್ಲ. ಮೊದಲ ಭಾಗದ ಕ್ರೌರ್ಯ ಎಳೆಯರಿಗೆ ಹೆಚ್ಚೆನಿಸೀತು. ಹತ್ತು ಹನ್ನೆರಡು ತುಂಬಿದವರೊಡನೆ ತಂದೆತಾಯಿಗಳು ಕುಳಿತು ನೋಡಲಿ. ನೀರು ಹೊರುವ ಭಾಗ ಬಂದಾಗ ಮಾತ್ರ ಅದನ್ನು ಮುಂದೆ ಓಡಿಸಬಾರದು.