ಹಾರುಬೂದಿ ಗೊಬ್ಬರವಲ್ಲ

ಒಲೆಯ ಬೂದಿಯನ್ನು ತಿಪ್ಪೆಗೆ ಸುರಿದು ಹೊಲಕ್ಕೆ ಹೊಡೆಯುವುದು ನಮ್ಮ ರೈತರಿಗೆ ಹೊಸದೇನಲ್ಲ. ಅದೇ ಲೆಕ್ಕದಲ್ಲಿ, ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿಯಂಥ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿಯೂ ಭತ್ತಕ್ಕೆ ಗೊಬ್ಬರವೇ ಎಂದು ನಂಬುವವರಿದ್ದಾರೆ. ತಪ್ಪು ಶುರುವಾಗುವುದೇ ಇಲ್ಲಿ.

ಕಟ್ಟಿಗೆ ಉರಿದಾಗ ಉಳಿಯುವುದು ಮರ ನೆಲದಿಂದ ಹೀರಿಕೊಂಡಿದ್ದ ಪೊಟ್ಯಾಷ್ ಮತ್ತು ಸುಣ್ಣದಂಶ. ಕಲ್ಲಿದ್ದಲು ಉರಿದಾಗ ಉಳಿಯುವುದು ಅದರಲ್ಲಿ ಬೆರೆತಿದ್ದ ಜೇಡಿ, ಮರಳು. ಬಾಯ್ಲರಿನ ಶಾಖಕ್ಕೆ ಕರಗಿ ತಣಿದು, ಅವೇ ಗಾಜಿನಂಥ ಸಣ್ಣ ಗುಂಡುಗಳಾಗಿರುತ್ತವೆ. ಸಾರಜನಕವಂತೂ ಉರಿಯಲ್ಲೇ ಹೋಗಿರುತ್ತದೆ. ಬೂದಿ ಬಿತ್ತೆಂದು ಯೂರಿಯಾ, ಕೊಟ್ಟಿಗೆ ಗೊಬ್ಬರ ಕಡಿಮೆ ಮಾಡಿದರೆ ಪೈರು ಸೊರಗುತ್ತದೆ.

‘ಭತ್ತಕ್ಕೆ ಸಿಲಿಕಾ ಬೇಕು, ಈ ಬೂದಿಯಲ್ಲಿ ಅರ್ಧಕ್ಕರ್ಧ ಸಿಲಿಕಾನೇ’ ಎನ್ನುತ್ತಾರೆ. ಎರಡು ಮಾತೂ ನಿಜ. ಆದರೆ ಬೇರು ಹೀರುವುದು ನೀರಿನಲ್ಲಿ ಕರಗಿದ ಸಿಲಿಸಿಕ್ ಆಮ್ಲವನ್ನು. ಹಾರುಬೂದಿಯ ಸಿಲಿಕಾ ಕರಗುವುದು ಬಲು ನಿಧಾನ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಹಾರುಬೂದಿಯಲ್ಲಿ ಸೀಸ, ಕ್ರೋಮಿಯಂ, ಆರ್ಸೆನಿಕ್ ಇರುತ್ತವೆ, ಪ್ರಮಾಣ ಕಲ್ಲಿದ್ದಲಿನ ಮೇಲೆ ಹೋಗುತ್ತದೆ. ನೀರು ನಿಂತ ಗದ್ದೆಯ ಕೆಸರಿಗೆ ಗಾಳಿಯಾಡುವುದಿಲ್ಲ. ಅಲ್ಲಿ ಆರ್ಸೆನಿಕ್ ಮಣ್ಣಿನ ಹಿಡಿತ ಬಿಟ್ಟು ನೀರಿಗಿಳಿಯುತ್ತದೆ. ಭತ್ತದ ಬೇರು ಸಿಲಿಕಾವನ್ನು ಒಳಗೆ ಬಿಟ್ಟುಕೊಳ್ಳುವ ದಾರಿಯಲ್ಲೇ ಅದೂ ನುಸುಳುತ್ತದೆ. ಜೋಳ, ರಾಗಿಯ ಒಣ ಹೊಲದಲ್ಲಿ ಈ ಭಯ ಅಷ್ಟಿಲ್ಲ. ಪರೀಕ್ಷಿಸದ ಬೂದಿಯನ್ನು ಗದ್ದೆಗೆ ಸುರಿಯುವುದನ್ನು ಮಾತ್ರ ನಾನು ಒಪ್ಪಲಾರೆ.

ಹಾಗಂತ ಹಾರುಬೂದಿಯೆಲ್ಲ ವಿಷ ಎನ್ನುವುದೂ ಸರಿಯಲ್ಲ. ಮರಳು ಜಾಸ್ತಿಯಿರುವ ಮಸಾರಿಯಲ್ಲಿ ಅದು ತೇವ ಹಿಡಿದಿಡುತ್ತದೆ, ಜಿಗುಟು ಎರೆಯನ್ನು ಸಡಿಲಿಸುತ್ತದೆ. ಈ ಗುಣ ಕಾಣಬೇಕಾದರೆ ಹೆಕ್ಟೇರಿಗೆ ಹತ್ತಾರು ಟನ್ ಬೇಕು. ಒಮ್ಮೆ ಉತ್ತು ಬೆರೆಸಿದ ಬೂದಿಯನ್ನು ವಾಪಸು ತೆಗೆಯಲಾಗುವುದಿಲ್ಲ, ಆದ್ದರಿಂದಲೇ ಎಚ್ಚರ ಮೊದಲೇ ಇರಬೇಕು. ಸ್ಥಾವರದಿಂದ ನೇರ ಬಂದ ಹೊಸ ಬೂದಿಯಲ್ಲಿ ಕರಗುವ ಬೋರಾನ್ ಹೆಚ್ಚು. ಅದು ಮಿತಿ ಮೀರಿದರೆ ಹಳೆಯ ಎಲೆಗಳ ತುದಿ ಹಳದಿಯಾಗಿ, ಅಂಚಿನಗುಂಟ ಕಂದಾಗಿ ಒಣಗುತ್ತಾ ಬರುತ್ತದೆ. ಮಳೆಗೆ ತೊಳೆದ ಹಳೆಯ ಬೂದಿ ಈ ವಿಷಯದಲ್ಲಿ ಮೇಲು.

ಚೌಳು ಭೂಮಿಗೆ ಬೂದಿ ಮದ್ದು ಎಂಬುದೂ ಸುಳ್ಳು. ಅಲ್ಲಿನ ಸೋಡಿಯಂ ಹೊರದಬ್ಬಲು ಜಿಪ್ಸಂನ ಕ್ಯಾಲ್ಸಿಯಂ ಬೇಕು. ನಮ್ಮ ದೇಶದ ಹಾರುಬೂದಿಯಲ್ಲಿ ಸುಣ್ಣದಂಶವೇ ಕಡಿಮೆ.

ಕೇಂದ್ರ ಸರ್ಕಾರದ 2021ರ ಅಧಿಸೂಚನೆ ಕೂಡ ಕೃಷಿಗೆ ಬೂದಿ ಬಳಸುವುದಾದರೆ ಮಣ್ಣು ಪರೀಕ್ಷೆ ಆಧರಿಸಿ, ಹತೋಟಿಯಲ್ಲಿ ಬಳಸಬೇಕೆನ್ನುತ್ತದೆ. ಪರೀಕ್ಷೆಗೆ ಹೊಲದ ಮಣ್ಣಿನ ಜೊತೆ ಬೂದಿಯ ಮಾದರಿಯನ್ನೂ ಕೊಡಿ. ಎರಡೂ ವರದಿ ಕೈಗೆ ಬರುವವರೆಗೆ ಟ್ರ್ಯಾಕ್ಟರ್ ಹೊಲದ ಬದುವಿನಾಚೆಯೇ ನಿಲ್ಲಲಿ.